ರಕ್ಷೆ, ಶಿಕ್ಷೆ ಮತ್ತು ಹಿಟ್ಟಿನ ಅಂಟು

ಇಷ್ಟಕ್ಕೆಲ್ಲ ಮೂಲ ಒಂದು ಚಮಚ ಹಿಟ್ಟಿನ ಅಂಟು.

ಬಾಗಿಲ ಮೇಲೆ ‘ಸಸ್ಯೌಷಧ ಸಂಶೋಧನಾ ಕೇಂದ್ರ’ ಎಂದು ಆಳೆತ್ತರದ ಅಕ್ಷರಗಳಲ್ಲಿ ಬರೆಸಿಕೊಂಡಿದ್ದ ಆ ಕಚೇರಿಯಲ್ಲಿ ಸೀಸೆಗೆ ಚೀಟಿ ಅಂಟಿಸಲು ಗೋಂದು ಇರಲಿಲ್ಲ. ಗೋಂದು ಬೇಕೆಂದು ಬರೆದ ಕಾಗದ ಮೂರು ವರ್ಷದಿಂದ ಸ್ಟೋರಿನವರ ಮೇಜಿಗೂ ಸಾಹೇಬರ ಮೇಜಿಗೂ ನಡುವೆ ಅಲೆಯುತ್ತಿತ್ತು. ಮನುಷ್ಯಕುಲದ ಲಿವರು ಉಳಿಸಲು ಹೊರಟವರಿಗೆ ಅರ್ಧ ಸೀಸೆ ಗೋಂದು ಹೊಂದಿಸುವ ಯೋಗ್ಯತೆ ಇರಲಿಲ್ಲ ಎಂದ ಮೇಲೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ. ಕೊನೆಗೆ ಇಲಿಯಣ್ಣನೇ ಮನೆಯಿಂದ ಒಂದು ಹಿಡಿ ಹಿಟ್ಟು ತಂದು, ನೀರಿನಲ್ಲಿ ಕುದಿಸಿ ಅಂಟು ಮಾಡಿಕೊಂಡ.

ಇಲಿಯಣ್ಣ ಎಂದರೆ ಅಲ್ಲಿನ ಇಲಿಗಳನ್ನು ನೋಡಿಕೊಳ್ಳುವವನು. ಹಾಜರಿ ಪುಸ್ತಕದಲ್ಲಿ ಅವನಿಗೆ ಬೇರೆ ಹೆಸರಿತ್ತು, ಆದರೆ ಆ ಹೆಸರಿನಿಂದ ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಇಲಿಗಳಿಗೆ ಕಾಳು ಹಾಕುವುದು, ಬೋನು ತೊಳೆಯುವುದು, ಯಾವ ಇಲಿ ಎಷ್ಟು ಹೊತ್ತಿಗೆ ಏನು ಮಾಡಿತು ಎಂದು ಪುಸ್ತಕದಲ್ಲಿ ಬರೆಯುವುದು ಅವನ ಕೆಲಸ. ಹನ್ನೊಂದು ವರ್ಷದಿಂದ ಹಂಗಾಮಿಯಾಗಿದ್ದರಿಂದ ಸಾಹೇಬರ ಚಹಾ ಕಾಯಿಸುವುದು, ಹೆಡ್ ಗುಮಾಸ್ತರ ಸೈಕಲ್ಲಿಗೆ ಗಾಳಿ ಹೊಡೆಸುವುದು, ಟೈಪಿಸ್ಟ್ ಮೇಡಂ ಚಪ್ಪಲಿ ಹೊಲಿಸಿಕೊಂಡು ಬರುವುದು ಇವೂ ಅವನ ಪಾಲಿಗೇ ಬಂದಿದ್ದವು. ಹಂಗಾಮಿಯನ್ನು ಯಾರು ಬೇಕಾದರೂ ಕರೆಯಬಹುದು, ಅವನ ಮಾತನ್ನು ಮಾತ್ರ ಯಾರೂ ಕೇಳಬೇಕಾಗಿಲ್ಲ.

ಅವನನ್ನು ಕಾಯಂ ಮಾಡುವ ಫೈಲು ಆರು ವರ್ಷದಿಂದ ಸಾಹೇಬರ ಮೇಜಿನ ಮೇಲೆ ಮಲಗಿತ್ತು. ಸಾಹೇಬರಿಗೆ ಸಹಿ ಎಂದರೆ ಸ್ವಂತ ರಕ್ತ ತೆಗೆದುಕೊಟ್ಟಷ್ಟು ಸಂಕಟ. ಈಗ ಮೇಲಿನಿಂದ ಸುತ್ತೋಲೆ ಬಂದಿತ್ತು: ಈ ದಿನ ಸಂಜೆ ಐದರೊಳಗೆ ಸಹಿ ಬಿದ್ದವರು ಕಾಯಂ, ಬೀಳದವರು ನಾಳೆಯಿಂದ ಮನೆಗೆ.

“ಇವತ್ತಾದ್ರೂ ಬಾಯಿ ಬಿಟ್ಟು ಕೇಳಿ ಅಂದ್ರೆ,” ಎಂದು ಹೆಂಡತಿ ಬೆಳಗ್ಗೆಯೇ ಉಗಿದಿದ್ದಳು. “ಇಲಿ ಜೊತೆ ಇದ್ದು ಇದ್ದು ನೀವೂ ಮೂಲೆ ಹಿಡಿಯೋದು ಕಲಿತುಬಿಟ್ಟಿದ್ದೀರಿ. ಸಂಜೆ ಬಂದು ‘ಸಾಹೇಬ್ರು ಬ್ಯುಸಿ ಇದ್ರು ಕಣೆ’ ಅಂತ ರಾಗ ತೆಗೆದರೆ ನಾನು ಬಾಗಿಲೇ ತೆಗೆಯಲ್ಲ.”

ಕೇಳಿಯೇ ತೀರುತ್ತೇನೆ ಎಂದು ಎದೆ ಸೆಟೆಸಿಕೊಂಡು ಬಂದ ಇಲಿಯಣ್ಣ ಇಲಿಕೋಣೆಯ ಬಾಗಿಲು ತೆರೆದ. ಏಳನೇ ನಂಬರಿನ ಇಲಿ ಬೋನಿನ ಹೊರಗೆ, ಸೀಸೆಗಳಿಟ್ಟ ಹಲಗೆಯ ಮೇಲೆ, ಹೊಟ್ಟೆ ಬಿರಿಯುವಂತೆ ತಿಂದು ಮಲಗಿತ್ತು. ಪಕ್ಕದಲ್ಲಿದ್ದ ಎರಡು ಸೀಸೆಗಳ ಮೇಲೆ ಚೀಟಿಗಳೇ ಇರಲಿಲ್ಲ. ಹಿಟ್ಟಿನ ಆಸೆಗೆ ಇಲಿ ಅಂಟಿನ ಜೊತೆಗೆ ಅಕ್ಷರಗಳನ್ನೂ ನುಂಗಿತ್ತು.

ಆ ಸೀಸೆಗಳ ವಿಷಯ ಸ್ವಲ್ಪ ಹೇಳಬೇಕು. ಎಲೆ ಮೇಷ್ಟ್ರು ಎಂದು ಎಲ್ಲರೂ ಕರೆಯುತ್ತಿದ್ದ ವಿಜ್ಞಾನಿಯೊಬ್ಬರು ಹನ್ನೆರಡು ವರ್ಷದಿಂದ ಒಂದೇ ಒಂದು ಗಿಡದ ಎಲೆಯ ಹಿಂದೆ ಬಿದ್ದಿದ್ದರು. ಆ ಎಲೆಯ ರಸ ಕೊಂಚವೇ ಹೊಟ್ಟೆಗೆ ಹೋದರೆ ಲಿವರನ್ನು ಕಾಯುತ್ತದೆ, ಬೇರೆ ವಿಷವನ್ನೂ ಹತ್ತಿರ ಬಿಡುವುದಿಲ್ಲ. ಅದೇ ರಸ ಹೆಚ್ಚಾದರೆ ತಾನೇ ವಿಷವಾಗಿ ಅದೇ ಲಿವರನ್ನು ತಿಂದು ಹಾಕುತ್ತದೆ. ಅತಿಯಾದರೆ ಅಮೃತವೂ ವಿಷ ಎಂದು ಅಜ್ಜಿಯರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದನ್ನು ಮೇಷ್ಟ್ರು ನಾನೂರು ಇಲಿಗಳ ಮೇಲೆ ಪರೀಕ್ಷಿಸುತ್ತಿದ್ದರು. ನೀರು ಬೆರೆಸಿದ ರಸದ ಸೀಸೆಗೆ ‘ರಕ್ಷೆ’ ಎಂದು, ಗಟ್ಟಿ ರಸದ ಸೀಸೆಗೆ ‘ಶಿಕ್ಷೆ’ ಎಂದು ಹೆಸರಿಟ್ಟಿದ್ದರು. ಎರಡರ ವ್ಯತ್ಯಾಸ ತಿಳಿದು ಇಲಿಯಣ್ಣ ಯಾವುದಾದರೂ ಇಲಿಗೆ ಪಕ್ಷಪಾತ ಮಾಡಿಯಾನು ಎಂಬ ಅನುಮಾನದಿಂದ ಎರಡಕ್ಕೂ ಸುಟ್ಟ ಸಕ್ಕರೆ ಹಾಕಿ ಒಂದೇ ಬಣ್ಣ ಬರಿಸಿದ್ದರು. ಚೀಟಿಯಲ್ಲೇ ಹೆಸರು ಬರೆದಿರುವಾಗ ಬಣ್ಣ ಮುಚ್ಚಿ ಏನು ಪ್ರಯೋಜನ ಎಂಬುದು ಅವರಿಗೆ ಹೊಳೆದಿರಲಿಲ್ಲ. ನೋಡಿದರೆ ಎರಡೂ ಹಾಲಿಲ್ಲದ ಚಹಾ, ಸಾಹೇಬರಿಗೆ ದಿನವೂ ಹೋಗುತ್ತಿದ್ದಂಥದೇ.

ಯಾವ ಸೀಸೆ ಯಾವುದು ಎಂದು ಕೇಳೋಣವೆಂದರೆ ಮೇಷ್ಟ್ರು ಇದೇ ಎಲೆಯ ಬಗ್ಗೆ ಭಾಷಣ ಬಿಗಿಯಲು ಪಕ್ಕದ ಊರಿಗೆ ಹೋಗಿದ್ದರು. ಭಾಷಣದ ದಿನ ಅವರು ಫೋನು ಬಂದ್ ಮಾಡಿಡುತ್ತಿದ್ದರು. ಇಲಿಯಣ್ಣ ಎಡಗಡೆಯ ಸೀಸೆಯಿಂದ ಎರಡು ಹನಿ ಕಾಳಿಗೆ ತಾಗಿಸಿ ಏಳನೇ ನಂಬರಿನ ಮುಂದೆ ಹಿಡಿದ. ಅದು ಒಮ್ಮೆ ಮೂಸಿ ಮುಖ ತಿರುಗಿಸಿತು. ಬಲಗಡೆಯದಕ್ಕೂ ಅದೇ ಉತ್ತರ. ಬೆಳಕಿಗೆ ಹಿಡಿದರೆ ಗಟ್ಟಿ ಯಾವುದು ತೆಳು ಯಾವುದು ಗೊತ್ತಾದೀತು ಎಂದುಕೊಂಡು ಎಡಗಡೆಯ ಸೀಸೆಯಿಂದ ಸ್ವಲ್ಪ ಬಗ್ಗಿಸಿಕೊಂಡ. ಬಗ್ಗಿಸಿಕೊಂಡದ್ದು ಸಾಹೇಬರ ಬಿಳಿ ಕಪ್ಪಿಗೆ, ಏಕೆಂದರೆ ಚಹಾಕ್ಕೆಂದು ತೊಳೆದಿಟ್ಟಿದ್ದ ಆ ಕಪ್ಪೇ ಕೈಗೆ ಸಿಕ್ಕಿತು. ಚಹಾದ ನೀರು ಇನ್ನೂ ಒಲೆಯ ಮೇಲೆ ಕುದಿಯುತ್ತಿತ್ತು.

ಏಳನೇ ನಂಬರನ್ನು ಮೊದಲು ಬೋನಿಗೆ ಸೇರಿಸೋಣ ಎಂದು ಅವನು ಬೆನ್ನು ತಿರುಗಿಸಿದಾಗ ಹೆಡ್ ಗುಮಾಸ್ತರು ಒಳಗೆ ಬಂದರು. “ಹತ್ತೂವರೆ ಆಯ್ತು, ಸಾಹೇಬ್ರ ಟೀ ಇನ್ನೂ ಇಲ್ಲೇ ಇದೆಯಲ್ಲೋ,” ಎಂದು ಗೊಣಗಿದ್ದು ಕೇಳಿಸಿತು. ಇಲಿಯ ಬಾಲ ಹಿಡಿದುಕೊಂಡೇ ಅವನು ತಿರುಗುವಷ್ಟರಲ್ಲಿ ಗುಮಾಸ್ತರೂ ಇರಲಿಲ್ಲ, ಕಪ್ಪೂ ಇರಲಿಲ್ಲ.

ಇಲಿಯಣ್ಣ ಇಲಿಯನ್ನು ಬೋನಿಗೆ ಎಸೆದು ಓಡಿದ. ಹೆಡ್ ಗುಮಾಸ್ತರು ಸಾಹೇಬರ ಕೋಣೆಯಿಂದ ಬರಿಗೈಯಲ್ಲಿ ಎದುರಾದರು. “ನಿನ್ನ ಕೆಲಸ ನಾನು ಮಾಡಿದ್ದೀನಿ, ನೆನಪಿಟ್ಟುಕೋ,” ಎಂದು ಹಲ್ಲು ಕಿರಿದರು. ಸಾಹೇಬರು ಪಕ್ಷಕ್ಕೋ ಮಾಸಕ್ಕೋ ಒಮ್ಮೆಯಾದರೂ ತಮ್ಮ ಮುಖ ನೋಡಲಿ ಎಂಬ ಆಸೆಗೆ ಅವರು ಚಹಾ ಏನು, ಚಪ್ಪಲಿಯನ್ನೂ ಹೊತ್ತಾರು.

ಒಳಗೆ ಸಾಹೇಬರು ಕಿಟಕಿಯ ಹತ್ತಿರ, ಕುಂಡದ ಗಿಡದ ಪಕ್ಕದಲ್ಲಿ ನಿಂತಿದ್ದರು. ಆ ಕೇಂದ್ರದಲ್ಲಿ ಇಷ್ಟು ವರ್ಷಗಳಲ್ಲಿ ಏಳಿಗೆ ಕಂಡದ್ದು ಆ ಗಿಡ ಒಂದೇ. ಅದಕ್ಕೆ ಯಾರು ನೀರು ಹಾಕುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ. ಸಾಹೇಬರ ಕೈಯಲ್ಲಿದ್ದ ಕಪ್ಪು ಖಾಲಿಯಾಗಿತ್ತು.

“ಸರ್, ಟೀ...”

“ಆಯ್ತಲ್ಲ. ಕಪ್ಪು ತಗೊಂಡು ಹೋಗು.”

“ಹೇಗಿತ್ತು ಸರ್?”

ಸಾಹೇಬರು ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಅವನ ಮುಖ ನೋಡಿದರು. “ಎಂದಿನ ಹಾಗೇ ಇತ್ತಪ್ಪ,” ಎಂದರು.

‘ಶಿಕ್ಷೆ’ ಕುಡಿದ ಇಲಿಗಳ ಕತೆ ಇಲಿಯಣ್ಣನಿಗೆ ಕಂಠಪಾಠ. ಕುಡಿದ ಒಂದು ಗಂಟೆಗೆ ಮೂಗು ತುರಿಸಿಕೊಳ್ಳುತ್ತವೆ. ನಾಲ್ಕು ಗಂಟೆಗೆ ಬೋನಿನೊಳಗೆ ಗಿರಗಿರ ಸುತ್ತುತ್ತವೆ. ಆರು ಗಂಟೆಗೆ ನಾಲ್ಕೂ ಕಾಲು ಮೇಲೆ. ಹತ್ತೂವರೆಗೆ ಆರು ಕೂಡಿದರೆ ನಾಲ್ಕೂವರೆ. ಕುಡಿದದ್ದು ‘ರಕ್ಷೆ’ಯಾಗಿದ್ದರೆ ಏನೂ ಇಲ್ಲ, ಸಾಹೇಬರ ಲಿವರು ಇನ್ನೂ ಗಟ್ಟಿಯಾಗುತ್ತದೆ, ಅಷ್ಟೆ. ಕೊಲೆಗಾರನೋ ಉಪಕಾರಿಯೋ ಎಂಬುದು ಅವನಿಗೇ ತಿಳಿಯದೆ ಇಲಿಕೋಣೆಗೂ ಸಾಹೇಬರ ಬಾಗಿಲಿಗೂ ಓಡಾಡತೊಡಗಿದ. ಹನ್ನೊಂದೂವರೆಗೆ ಬಾಗಿಲ ಸಂದಿಯಿಂದ ಇಣುಕಿದಾಗ ಸಾಹೇಬರು ಮೂಗು ತುರಿಸಿಕೊಳ್ಳುತ್ತಿದ್ದರು.

ಅಭ್ಯಾಸಬಲ ನೋಡಿ, ಅವನು ಇಲಿಪುಸ್ತಕ ತೆಗೆದು ‘ಹನ್ನೊಂದೂವರೆ, ಮೂಗು ತುರಿಕೆ’ ಎಂದು ಬರೆದುಬಿಟ್ಟ.

“ಯಾವ ಇಲಿಗೆ?” ಎಂದಿತು ಬೆನ್ನ ಹಿಂದಿನ ದನಿ. ಟೈಪಿಸ್ಟ್ ಮೇಡಂ ಅವನ ಹೆಗಲ ಮೇಲಿಂದ ಓದುತ್ತಿದ್ದರು. ಪರರ ಕಾಗದ ಓದುವುದು ಅವರಿಗೆ ಉದ್ಯೋಗದ ಜೊತೆಗೆ ಉಸಿರೂ ಹೌದು. “ಸಾಹೇಬ್ರ ಬಾಗಿಲಲ್ಲಿ ನಿಂತು ಇಲಿ ಲೆಕ್ಕ ಬರೀತೀಯಲ್ಲ. ಏನು ಸಮಾಚಾರ?”

ಇಲಿಯಣ್ಣನ ಹೊಟ್ಟೆಯಲ್ಲಿ ಗುಟ್ಟು ನಿಲ್ಲಲಿಲ್ಲ. ಎಲ್ಲವನ್ನೂ ಕಕ್ಕಿದ.

“ಅಂದ್ರೆ ಸಾಹೇಬ್ರಿಗೆ ಮದ್ದು ಹಾಕಿದ್ಯಾ?”

“ಮದ್ದು ಹಾಕಿಲ್ಲ ಮೇಡಂ. ಅಂದ್ರೆ, ಅದು ಮದ್ದೇ. ಔಷಧಿ. ಔಷಧಿ ಹೌದೋ ಅಲ್ಲವೋ ಅನ್ನೋದೇ ಗೊತ್ತಾಗ್ತಿಲ್ಲ.”

ಕನ್ನಡದಲ್ಲಿ ಬದುಕಿಸುವುದೂ ಮದ್ದು, ಸಾಯಿಸುವುದೂ ಮದ್ದು ಎಂಬುದು ಅವತ್ತು ಅವನ ಪ್ರಾಣಕ್ಕೆ ಬಂದಿತ್ತು. ಮೇಡಂ ಒಂದು ನಿಮಿಷ ಕಣ್ಣು ಮುಚ್ಚಿದರು. ಪಾಪ, ಸಾಹೇಬರಿಗಾಗಿ ಮರುಗುತ್ತಿದ್ದಾರೆ ಎಂದು ಇಲಿಯಣ್ಣ ತಿಳಿದ.

“ನಾಲ್ಕೂವರೆವರೆಗೂ ಇರ್ತಾರೆ ತಾನೇ?” ಎಂದು ಮೇಡಂ ಕಣ್ಣು ತೆರೆದರು. “ಕೈ ನಡುಗೋದು ಎಷ್ಟು ಹೊತ್ತಿಗೆ ಶುರು? ಪೆನ್ನು ಹಿಡಿಯೋಕಾಗುತ್ತಾ?”

ಮಗಳ ಬಾಣಂತನಕ್ಕೆಂದು ಆಕೆ ರಜೆ ಕೇಳಿದ್ದ ಕಾಗದ ಸಾಹೇಬರ ಮೇಜಿನ ಮೇಲಿತ್ತು. ಆ ಮಗು ಈಗ ಶಾಲೆಗೆ ಹೋಗುತ್ತಿತ್ತು. ಆದರೂ ಕೇಳಿದ ರಜೆಯನ್ನು ಬಿಡುವ ಜಾಯಮಾನ ಅವರದ್ದಲ್ಲ. ಸೆರಗು ಬಿಗಿದುಕೊಂಡು ನೇರ ಒಳಗೆ ಹೋದವರು ಐದು ನಿಮಿಷದಲ್ಲಿ ಹೊರಗೆ ಬಂದಾಗ ಅವರ ಮುಖ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು.

“ಓದಲೂ ಇಲ್ಲ ಕಣೋ. ‘ಎಲ್ಲಿ ಹಾಕ್ಲಿ’ ಅಂತ ಕೇಳಿ ಸಹಿ ಹಾಕಿಬಿಟ್ರು. ತಲೆಗೆ ಏರಿದೆ, ಅನುಮಾನವೇ ಬೇಡ.”

ಆ ಕಟ್ಟಡದಲ್ಲಿ ಸಾಹೇಬರು ಸಹಿ ಹಾಕಿದರು ಎಂಬ ಸುದ್ದಿ ಬೆಂಕಿ ಬಿದ್ದ ಸುದ್ದಿಗಿಂತ ಬೇಗ ಹಬ್ಬಿತು. ಸ್ಟೋರಿನವರು ಓಡಿ ಬಂದರು. ಹೆಡ್ ಗುಮಾಸ್ತರು ಕನ್ನಡಕ ಒರೆಸಿಕೊಳ್ಳುತ್ತಾ ಬಂದರು. ಮೇಡಂ ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡು ಇಬ್ಬರಿಗೂ ಹೇಳಿದರು. ಕಪ್ಪು ಒಯ್ದವನು ತಾನೇ ಎಂದು ನೆನಪಾದ ಕೂಡಲೇ ಹೆಡ್ ಗುಮಾಸ್ತರ ಮುಖ ಸುಣ್ಣದ ಗೋಡೆಯಾಯಿತು.

“ಆಸ್ಪತ್ರೆಗೆ ಕರ್ಕೊಂಡು ಹೋಗೋಣ ಸರ್,” ಎಂದು ಇಲಿಯಣ್ಣ ಬೇಡಿಕೊಂಡ. “ಡಾಕ್ಟರಿಗೆ ಹೇಳಿಬಿಡೋಣ.”

“ಬುದ್ಧಿ ಇದೆಯೇನೋ ನಿಂಗೆ?” ಹೆಡ್ ಗುಮಾಸ್ತರು ಅವನನ್ನು ಮೂಲೆಗೆ ಎಳೆದರು. “ಡಾಕ್ಟರು ಪೊಲೀಸರಿಗೆ ಹೇಳ್ತಾರೆ. ಪೊಲೀಸರು ಬಂದ್ರೆ ಕೋಣೆಗೆ ಬೀಗ ಬೀಳುತ್ತೆ. ಬೀಗ ಬಿದ್ರೆ ನಿನ್ನ ಫೈಲಿಗೆ ಸಹಿ ಹಾಕೋರು ಯಾರು, ನಿನ್ನ ಇಲಿಗಳಾ? ಮೊದಲು ಸಹಿ ಆಗ್ಲಿ. ಆಮೇಲೆ ಡಾಕ್ಟರು, ಆಂಬುಲೆನ್ಸು, ಏನು ಬೇಕಾದ್ರೂ ಕರೆಸೋಣ.”

“ಅಷ್ಟರಲ್ಲಿ ಅವರು ಹೋಗಿಬಿಟ್ರೆ?”

“ಹೋಗೋರನ್ನ ಹಿಡಿದು ನಿಲ್ಲಿಸೋಕೆ ನೀನ್ಯಾರು, ನಾನ್ಯಾರು,” ಎಂದು ಸ್ಟೋರಿನವರು ವೇದಾಂತ ಹೇಳಿ, ಗಾಳಿ ಬಂದಾಗ ತೂರಿಕೊಳ್ಳಲು ತಮ್ಮ ಕಾಗದಗಳ ಕಟ್ಟು ತರಲು ಓಡಿದರು. ಹದಿನಾಲ್ಕು ಕಬ್ಬಿಣದ ಕುರ್ಚಿಗಳನ್ನು ಗೆದ್ದಲು ತಿಂದು ಹಾಕಿದೆ ಎಂಬ ಅವರ ವರದಿಗೆ ಸಾಹೇಬರು ಎಷ್ಟೋ ವರ್ಷಗಳಿಂದ ಸಹಿ ಹಾಕಿರಲಿಲ್ಲ. ಆ ಕುರ್ಚಿಗಳು ಸ್ಟೋರಿನವರ ಭಾವನ ಕಲ್ಯಾಣಮಂಟಪದಲ್ಲಿ ಆರೋಗ್ಯವಾಗಿದ್ದವು.

ಆಮೇಲೆ ನಡೆದದ್ದನ್ನು ಹೇಳಲು ನಾಚಿಕೆಯಾಗಬೇಕು, ಆದರೆ ನಾಚಬೇಕಾದವರೇ ನಾಚಲಿಲ್ಲ. ಊಟದ ಡಬ್ಬಿ ಬಿಚ್ಚದೆ ಮೂವರೂ ಬಾಗಿಲಲ್ಲಿ ಸಾಲುಗಟ್ಟಿದರು. ಹೆಡ್ ಗುಮಾಸ್ತರು ತಮ್ಮ ಬಡ್ತಿಯ ಕಾಗದದ ಜೊತೆಗೆ, ತಮ್ಮನ್ನು ತಾವೇ ಹೊಗಳಿಕೊಂಡು ಬರೆದ ಒಂದು ಪ್ರಶಂಸಾಪತ್ರವನ್ನೂ ಮುಂದಿಟ್ಟರು. ಸ್ಟೋರಿನವರು ಕುರ್ಚಿಯ ಜೊತೆಗೆ ಎರಡು ಕಪಾಟುಗಳನ್ನೂ ಗೆದ್ದಲಿಗೆ ಹಾಕಿದರು. ಮೇಡಂ ಎರಡನೇ ಮಗಳ ಬಾಣಂತನಕ್ಕೂ ಈಗಲೇ ರಜೆ ಬರೆಸಿಕೊಂಡರು. ಆ ಹುಡುಗಿಗೆ ಇನ್ನೂ ಮದುವೆಯಾಗಿರಲಿಲ್ಲ. ಒಬ್ಬೊಬ್ಬರೂ ಒಳಗೆ ಹೋದಾಗ ಸಾಹೇಬರ ಆರೋಗ್ಯ ವಿಚಾರಿಸುತ್ತಿದ್ದರು, “ಸುಸ್ತಾಗ್ತಿಲ್ಲ ತಾನೇ ಸರ್? ಕಣ್ಣು ಮಂಜಾಗ್ತಿಲ್ಲ ತಾನೇ?” ಎಂದು ಕಳಕಳಿಯಿಂದ ಕೇಳುತ್ತಿದ್ದರು. ಸಾಹೇಬರು ಮುಗುಳ್ನಗುತ್ತಾ ಮೂಗು ತುರಿಸಿಕೊಂಡು ಸಹಿ ಮಾಡುತ್ತಿದ್ದರು. ಮೂರು ವರ್ಷದ ಹಳೆಯ ಗೋಂದಿನ ಕಾಗದಕ್ಕೂ ಆ ಕಟ್ಟಿನೊಳಗೆ ಸಹಿ ಬಿತ್ತು.

ಇಲಿಯಣ್ಣ ಸಾಲಿನ ಕೊನೆಯಲ್ಲಿದ್ದ. ಅವನ ಸರದಿ ಬರುವ ಹೊತ್ತಿಗೆಲ್ಲ ಯಾರಿಗಾದರೂ ಇನ್ನೊಂದು ಕಾಗದ ನೆನಪಾಗುತ್ತಿತ್ತು. “ನೀನು ಹೇಗೂ ಇಲ್ಲೇ ಇರ್ತೀಯಲ್ಲ, ಸ್ವಲ್ಪ ತಡಿ,” ಎಂದು ಅವನನ್ನು ಸರಿಸುತ್ತಿದ್ದರು. ವಿಷ ಕೊಟ್ಟವನು ನಾನು, ಫಲ ತಿನ್ನುವವರು ಇವರು ಎಂದು ಅವನಿಗೆ ಸಂಕಟವಾಯಿತು. ಆ ಯೋಚನೆ ಬಂದದ್ದಕ್ಕೇ ಮತ್ತೆ ಹೆದರಿ ಗಲ್ಲ ಬಡಿದುಕೊಂಡ.

ಎರಡೂವರೆಗೆ ಮತ್ತೆ ಇಣುಕಿದ. ಸಾಹೇಬರು ಮೇಜಿನ ಸುತ್ತ ಸುತ್ತುತ್ತಿದ್ದರು. ಕಪಾಟಿನಿಂದ ಕಿಟಕಿಗೆ, ಕಿಟಕಿಯಿಂದ ಮೇಜಿಗೆ, ಮೇಜಿನಿಂದ ಮತ್ತೆ ಕಪಾಟಿಗೆ. ಇಲಿಯಣ್ಣ ‘ಎರಡೂವರೆ, ಸುತ್ತುವಿಕೆ’ ಎಂದು ಬರೆದ.

ಅವನ ಸರದಿ ಬಂದಾಗ ಮೂರೂ ಮುಕ್ಕಾಲು. ಸಾಹೇಬರು ಕುರ್ಚಿಯಲ್ಲಿ ಕೂತು ಅವನ ಫೈಲಿನ ಧೂಳು ತಾವೇ ಒರೆಸಿದರು.

“ಎಷ್ಟು ವರ್ಷ ಆಯ್ತಪ್ಪ ನೀನು ಬಂದು?”

“ಹನ್ನೊಂದು ಸರ್.”

“ದಿನಾ ಟೀ ತಂದುಕೊಟ್ಟಿದ್ದೀಯ. ಒಂದು ದಿನಾನೂ ತಪ್ಪಿಸಿಲ್ಲ. ನಾನು ಒಂದು ಒಳ್ಳೆ ಮಾತೂ ಆಡಿಲ್ಲ ನಿನ್ನ ಹತ್ರ.”

ಇಲಿಯಣ್ಣ ಬಾಯಿ ತೆರೆದ. ಹೇಳಿಬಿಡಲೇ? ಈಗಲೇ ಹೇಳಿದರೆ ಈ ಮನುಷ್ಯ ಬದುಕಿಯಾನು. ಆದರೆ ಪೆನ್ನು ಆಗಲೇ ಕಾಗದದ ಮೇಲೆ ಇಳಿಯುತ್ತಿತ್ತು. ಮೊದಲ ಅಕ್ಷರ ಮೂಡಿದ ಮೇಲೆ ಹೇಳೋಣ ಎಂದುಕೊಂಡ. ಅಕ್ಷರ ಮೂಡಿತು. ಪೂರ್ತಿ ಸಹಿ ಆಗಲಿ ಎಂದುಕೊಂಡ. ಪೂರ್ತಿಯಾಯಿತು. ಮೊಹರು ಬೀಳಲಿ ಎಂದುಕೊಂಡ. ಮೊಹರೂ ಬಿದ್ದ ಮೇಲೆ ಅವನು ಫೈಲು ಎದೆಗೊತ್ತಿಕೊಂಡು, ಕಣ್ಣೊರೆಸಿಕೊಂಡು, ಏನೂ ಹೇಳದೆ ಹೊರಗೆ ಬಂದ. ತಾನು ಕಾಯಂ ಆದದ್ದಕ್ಕಿಂತ ಮೊದಲು ಅವನಿಗೆ ಗೊತ್ತಾದದ್ದು ಆ ಮೂವರಿಗಿಂತ ತಾನೇನೂ ಮೇಲಲ್ಲ ಎಂಬುದು.

ನಾಲ್ಕೂವರೆಗೆ ನಾಲ್ವರೂ ಬಾಗಿಲ ಸಂದಿಗೆ ಕಣ್ಣಿಟ್ಟರು. ಸಾಹೇಬರ ಎರಡೂ ಕಾಲು ಮೇಜಿನ ಮೇಲಿದ್ದವು. ತಲೆ ಕುರ್ಚಿಯ ಹಿಂದಕ್ಕೆ ವಾಲಿತ್ತು, ಬಾಯಿ ತೆರೆದಿತ್ತು.

“ಮುಗೀತು,” ಎಂದರು ಹೆಡ್ ಗುಮಾಸ್ತರು. “ದೊಡ್ಡ ಮನುಷ್ಯ. ಹೋಗೋ ಮುಂಚೆ ಯಾರದ್ದೂ ಬಾಕಿ ಉಳಿಸಲಿಲ್ಲ. ಮೇಡಂ, ಶೋಕಸಭೆ ಕಾಗದ ಹೊಡೀರಿ. ನಾಳೆ ರಜಾ ಅಂತ ಕೆಳಗೆ ಸೇರಿಸಿ.”

“ಕಾಗದಕ್ಕೆ ಸಹಿ ಯಾರು ಹಾಕ್ತಾರೆ?” ಎಂದು ಸ್ಟೋರಿನವರು ಕೇಳಿದರು.

ಆ ಪ್ರಶ್ನೆಗೆ ಉತ್ತರವಾಗಿ ಒಳಗಿನಿಂದ ಗೊರಕೆ ಕೇಳಿಸಿತು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಎಂಬಂತೆ ಸಾಹೇಬರು ಒಮ್ಮೆ ಸೀನಿ, ಮಗ್ಗುಲು ಬದಲಿಸಿ, ಮತ್ತೆ ಹಿತವಾಗಿ ಗೊರಕೆ ಹೊಡೆದರು. ನಾಲ್ಕೂ ಮುಕ್ಕಾಲಾದರೂ ಆ ಗೊರಕೆಯ ತಾಳ ತಪ್ಪಲಿಲ್ಲ.

“ಹಾಗಾದ್ರೆ ಅದು ರಕ್ಷೆ,” ಎಂದು ಇಲಿಯಣ್ಣ ಗೋಡೆಗೆ ಒರಗಿ ಕುಸಿದ. 

ಹೆಡ್ ಗುಮಾಸ್ತರ ತಲೆಯೊಳಗೆ ಬೇರೆಯೇ ಚಕ್ರ ತಿರುಗಿತು. “ಯೋಚನೆ ಮಾಡಿ. ಸಿಡುಕು ಮೋರೆ ಮನುಷ್ಯ ನಗ್ತಾ ಕೂತಿದ್ದ. ಪೆನ್ನು ಮುಟ್ಟದವನು ನೂರು ಸಹಿ ಹಾಕಿದ. ಈಗ ಮಗುವಿನ ಹಾಗೆ ನಿದ್ದೆ. ಒಂದು ಕಪ್ಪಿಗೇ ಇಷ್ಟು. ಆ ಸೀಸೇಲಿ ಇನ್ನೂ ಎಷ್ಟಿದೆಯೋ?”

ಸೀಸೆಯಲ್ಲಿ ಮುಕ್ಕಾಲು ಭಾಗ ಇತ್ತು. ಎಡಗಡೆಯ ಸೀಸೆಯನ್ನು ಇಲಿಯಣ್ಣನೇ ಹೊತ್ತು ತಂದ. ಹೆಡ್ ಗುಮಾಸ್ತರು ಕೂದಲು ಬರಲಿ ಎಂದು ಒಂದು ಕಪ್ಪು ಕುಡಿದರು. ಮೇಡಂ ಮೊಣಕಾಲು ನೋವಿಗೆಂದು ಕುಡಿದರು. ಸ್ಟೋರಿನವರು ತಮ್ಮ ಲಿವರಿಗೆ ತಾವು ಪ್ರತಿ ಸಂಜೆ ಮಾಡುತ್ತಿದ್ದ ಅನ್ಯಾಯ ನೆನೆದು ಒಂದೂವರೆ ಕಪ್ಪು ಏರಿಸಿದರು. ಹೊಟ್ಟೆತುಂಬಿದ ಒಂದು ಇಲಿ ಮೂಸಿ ಬಿಟ್ಟದ್ದನ್ನು ಮೂವರು ಓದಿದ ಮನುಷ್ಯರು ಚಪ್ಪರಿಸಿಕೊಂಡು ಕುಡಿದರು.

“ನಂಗೆ ಬೇಡ ಸರ್,” ಎಂದ ಇಲಿಯಣ್ಣ.

“ಕಾಯಂ ಆದವನು ಹೀಗೆಲ್ಲ ಹಿಂಜರೀಬಾರದು. ನೀನು ಕುಡೀದಿದ್ರೆ ನಮಗೆ ಅನುಮಾನ ಬರುತ್ತೆ,” ಎಂದು ಹೆಡ್ ಗುಮಾಸ್ತರು ತಳದಲ್ಲಿ ಉಳಿದದ್ದನ್ನೆಲ್ಲ ಅವನ ಕಪ್ಪಿಗೆ ಸುರಿದರು. ತಳದ ಗಸಿ ಕೂಡಿಕೊಂಡು ಅವನ ಪಾಲೇ ಎಲ್ಲರಿಗಿಂತ ಗಟ್ಟಿಯಾಗಿತ್ತು. ಕಾಯಂ ಎಂಬ ಮಾತು ಕೇಳಿದ ಖುಷಿಗೆ ಇಲಿಯಣ್ಣ ಕಣ್ಣು ಮುಚ್ಚಿ ಗಟಗಟ ಕುಡಿದ.

ಆಗ ಸಾಹೇಬರ ಬಾಗಿಲು ತೆರೆಯಿತು. ಅವರ ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಅದರೊಳಗೆ ಗೋಡೆ ಗಡಿಯಾರ, ಪೆನ್ನಿನ ಸ್ಟ್ಯಾಂಡು, ಹೆಂಡತಿ ಮಕ್ಕಳ ಫೋಟೋ ಇದ್ದವು.

“ಎಲ್ಲರೂ ಇಲ್ಲೇ ಇದ್ದೀರಾ, ಒಳ್ಳೆಯದೇ ಆಯ್ತು,” ಎಂದರು. “ನಾನು ಹೊರಟೆ.”

“ನಾಳೆ ಬೇಗ ಬರ್ತೀರಾ ಸರ್?” ಎಂದರು ಹೆಡ್ ಗುಮಾಸ್ತರು.

“ನಾಳೆ ಬೇರೆಯವರು ಬರ್ತಾರೆ. ನನ್ನ ಕುರ್ಚಿಯಿಂದ ಇಳಿಸಿದ್ದಾರೆ ಕಣ್ರಪ್ಪ. ಬೆಳಗ್ಗೆ ಹತ್ತು ಗಂಟೆಗೇ ಆದೇಶ ಬಂತು, ಆ ಕ್ಷಣದಿಂದ ನನಗೆ ಇಲ್ಲಿ ಏನೂ ಅಧಿಕಾರ ಇಲ್ಲ. ಹೇಳೋಣ ಅಂತಿದ್ದೆ. ಹೇಳಿದ್ರೆ ಒಬ್ಬರಾದ್ರೂ ನನ್ನ ಕೋಣೆಗೆ ಬರ್ತಿದ್ರಾ ಅನ್ನಿಸ್ತು. ಸುಮ್ಮನೆ ಪೆಟ್ಟಿಗೆ ಕಟ್ಟಿಕೊಂಡು ಕೂತೆ. ನೋಡಿದ್ರೆ ನೀವೇ ಒಬ್ಬರಾದ ಮೇಲೆ ಒಬ್ಬರು ಬಂದ್ರಿ, ಸುಸ್ತಾಯ್ತಾ ಅಂತ ಕೇಳಿದ್ರಿ. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.” ಸಾಹೇಬರ ಕಣ್ಣು ಒದ್ದೆಯಾಯಿತು.

“ಮತ್ತೆ ನಮ್ಮ ಸಹಿ?” ಎಂದರು ಮೇಡಂ.

“ಅವು ಯಾವ ಕೆಲಸಕ್ಕೂ ಬರಲ್ಲ. ಅದಕ್ಕೇ ಧಾರಾಳವಾಗಿ ಹಾಕಿದೆ, ಕೊನೇ ದಿನ ಯಾರ ಮನಸ್ಸೂ ನೋಯಿಸಬಾರದು ಅಂತ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇಲಿಯಣ್ಣ ಎದೆಗೊತ್ತಿಕೊಂಡಿದ್ದ ಫೈಲು ಕೆಳಗೆ ಬಿತ್ತು. ಅವನ ಬಾಯಿಂದ ಹೊರಟದ್ದು ಬೇರೆಯೇ ಮಾತು. “ಸರ್, ನೀವು ಇವತ್ತು ಇಷ್ಟು ಚೆನ್ನಾಗಿ ಇದ್ದದ್ದು ಆ ಟೀಯಿಂದ ಅಲ್ವಾ?”

ಸಾಹೇಬರು ಸಂಕೋಚದಿಂದ ನಕ್ಕರು. “ಹೋಗೋ ಹೊತ್ತಲ್ಲಿ ನಿಜ ಹೇಳಿಬಿಡ್ತೀನಿ, ಬೇಜಾರು ಮಾಡ್ಕೋಬೇಡ. ನಿನ್ನ ಟೀ ನಾನು ಒಂದು ದಿನಾನೂ ಕುಡಿದಿಲ್ಲ. ಇಲಿಕೋಣೇಲಿ ಕಾಯಿಸ್ತೀಯ ಅಂತ ಮೊದಲ ದಿನವೇ ಗೊತ್ತಾಯ್ತು, ಅವತ್ತಿಂದ ಹನ್ನೊಂದು ವರ್ಷವೂ ಆ ಗಿಡಕ್ಕೇ ಸುರಿದಿದ್ದೀನಿ. ಚೆನ್ನಾಗಿ ಬೆಳೀತಿತ್ತು ಪಾಪ. ಇವತ್ತು ಮಧ್ಯಾಹ್ನದಿಂದ ಯಾಕೋ ಸೊರಗಿದೆ.”

ಎಲ್ಲರೂ ಒಳಗೆ ನೋಡಿದರು. ಕುಂಡದ ಗಿಡ ಎಲೆಗಳನ್ನೆಲ್ಲ ಜೋಲು ಬಿಟ್ಟು ಕುಂಡದ ಅಂಚಿನ ಮೇಲೆ ತಲೆಯಿಟ್ಟು ಮಲಗಿತ್ತು. ಸಾಹೇಬರು ನೆಗಡಿಯ ಮೂಗು ಒರೆಸಿಕೊಂಡು, ಪೆಟ್ಟಿಗೆ ಹೊತ್ತು ಮೆಟ್ಟಿಲಿಳಿದು ಹೋದರು. ಅವರನ್ನು ಬೀಳ್ಕೊಡಲು ಯಾರೂ ಕದಲಲಿಲ್ಲ.

ಅದೇ ಮೆಟ್ಟಿಲು ಹತ್ತಿ ಎಲೆ ಮೇಷ್ಟ್ರು ಬಂದರು. ಖಾಲಿ ಸೀಸೆ ನೋಡಿದರು, ನಾಲ್ಕು ಕಪ್ಪು ನೋಡಿದರು, ನಾಲ್ಕು ಮುಖ ನೋಡಿದರು. “ಇದು ಎಡಗಡೆ ಸೀಸೆ ತಾನೇ?”

“ಚೀಟಿ ಇಲಿ ತಿಂದುಬಿಡ್ತು ಸರ್. ರಕ್ಷೆಯೋ ಶಿಕ್ಷೆಯೋ ಗೊತ್ತಾಗಲಿಲ್ಲ.”

“ಎಡಗಡೆ ಯಾವಾಗಲೂ ಶಿಕ್ಷೆ. ಹನ್ನೆರಡು ವರ್ಷದಿಂದ ಹಾಗೇ ಇಡ್ತಿದ್ದೀನಿ. ಅದಕ್ಕೆ ಚೀಟಿ ಬೇರೆ ಬೇಕಾ?”

ಇಲಿಯಣ್ಣನ ಮೂಗು ನವೆಯತೊಡಗಿತು. ಮೇಡಂ ಆಗಲೇ ಸೆರಗಿನಿಂದ ಮೂಗು ಉಜ್ಜಿಕೊಳ್ಳುತ್ತಿದ್ದರು. ಸ್ಟೋರಿನವರು ಗೋಡೆ ಹಿಡಿದು ಕುಕ್ಕರಿಸಿದರು.

“ಸಾಯ್ತೀವಾ ಸರ್?” ಎಂದರು ಹೆಡ್ ಗುಮಾಸ್ತರು.

“ಇಲಿಗಳಾಗಿದ್ರೆ ಸಾಯ್ತಿದ್ರಿ. ನೀವು ಗಾತ್ರದಲ್ಲಿ ದೊಡ್ಡವರು. ಮೂರು ದಿನ ಹೊಟ್ಟೆ ನಿಲ್ಲಲ್ಲ, ತಲೆ ಸುತ್ತುತ್ತೆ, ತುರಿಕೆ ಇರುತ್ತೆ. ಖಾಲಿ ಹೊಟ್ಟೇಲಿ ಕುಡಿದಿದ್ದೀರಿ ಅಂತ ಕಾಣುತ್ತೆ, ಬೇಗ ಶುರುವಾಗಿದೆ.” ಮೇಷ್ಟ್ರ ಮುಖದಲ್ಲಿ ಕನಿಕರ ಎಲ್ಲಿದೆ ಎಂದು ಹುಡುಕಿದರೆ ಸಿಕ್ಕಿದ್ದು ಸಂತೋಷ. “ಮನುಷ್ಯರ ಮೇಲೆ ನೋಡೋಕೆ ಹನ್ನೆರಡು ವರ್ಷದಿಂದ ಅನುಮತಿ ಕೇಳಿದ್ದೆ, ಸಾಹೇಬ್ರು ಸಹಿನೇ ಹಾಕಿರಲಿಲ್ಲ.”

“ಇವತ್ತು ಹಾಕಿದ್ದಾರೆ ಸರ್,” ಎಂದು ಹೆಡ್ ಗುಮಾಸ್ತರು ನರಳಿದರು. “ಕಟ್ಟಿನೊಳಗೆ ಅದೂ ಇತ್ತು. ದಯವಿಟ್ಟು ಡಾಕ್ಟರನ್ನ ಕರೆಸಿ.”

“ಕರೆಸೋಣ, ಕರೆಸೋಣ. ಮೊದಲು ಬರ್ಕೊಂಡುಬಿಡೋಣ,” ಎಂದು ಮೇಷ್ಟ್ರು ನಾಲ್ವರನ್ನೂ ಇಲಿಕೋಣೆಗೆ ನಡೆಸಿದರು. ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ನಾಲ್ಕು ಚೀಟಿಗಳಲ್ಲಿ ನಂಬರು ಬರೆದರು. ಗೋಂದಿಗಾಗಿ ಹುಡುಕಿ, ಸಿಗದೆ, ಹಿಟ್ಟಿನ ಅಂಟಿನಿಂದಲೇ ಒಬ್ಬೊಬ್ಬರ ಎದೆಯ ಮೇಲೂ ಅಂಟಿಸಿದರು. ಅಲ್ಲೂ ಇಲಿಯಣ್ಣ ಸಾಲಿನ ಕೊನೆಗೇ ಬಂದ. ಅವನ ಜೇಬಿನ ಮೇಲೆ ‘ಶಿಕ್ಷೆ, ನಾಲ್ಕು’ ಎಂಬ ಚೀಟಿ ಬಿತ್ತು.

“ಗಂಟೆ ಗಂಟೆಗೂ ಏನಾಯ್ತು ಅಂತ ಬರೆಯೋಕೆ ಒಬ್ಬರು ಬೇಕಲ್ಲ,” ಎಂದು ಮೇಷ್ಟ್ರು ಸುತ್ತ ನೋಡಿದರು. “ಇಲ್ಲಿ ಬರೆಯೋನು ಯಾರು?”

“ನಾನೇ ಸರ್,” ಎಂದ ಇಲಿಯಣ್ಣ.

“ಹಾಗಾದ್ರೆ ನಿನ್ನದೂ ಸೇರಿಸಿ ನೀನೇ ಬರಿ. ಮೂರು ದಿನ ಇಲ್ಲಿಂದ ಕದಲಬೇಡ.”

ಇಲಿಯಣ್ಣ ಪುಸ್ತಕ ತೆರೆದು ‘ಐದೂ ಹತ್ತು, ಮೂಗು ತುರಿಕೆ’ ಎಂದು ಬರೆಯುತ್ತಿದ್ದಾಗ ಫೋನು ಹೊಡೆದುಕೊಂಡಿತು. ಹೆಂಡತಿ.

“ಏನ್ರೀ, ಕಾಯಂ ಆಯ್ತಾ?”

ಅವನು ಜೇಬಿನ ಮೇಲಿನ ಚೀಟಿ ನೋಡಿಕೊಂಡ. “ಸದ್ಯಕ್ಕೆ ಮೂರು ದಿನ ಕಣೆ,” ಎಂದ. “ನಂಬರೂ ಕೊಟ್ಟಿದ್ದಾರೆ.”

ಬೋನಿನೊಳಗೆ ಏಳನೇ ನಂಬರಿನ ಇಲಿ ನಿದ್ದೆಯಿಂದ ಎದ್ದು, ಕಂಬಿಗಳ ನಡುವೆ ಮೂತಿ ತೂರಿಸಿ, ಅವನ ಜೇಬಿನ ಮೇಲಿನ ಹಸಿ ಅಂಟನ್ನೇ ನೋಡುತ್ತಿತ್ತು.